ಸರ್ವರ್ ನನ್ನದು, ಫೈಲ್ ಇನ್ಯಾರದೋ: ಕೇಸ್ ಯಾರ ಮೇಲೆ?

ಪ್ರಶ್ನೆ: ನಾನು ಕುಂದಾಪುರ ಕಡೆಯವನು, ಬೆಂಗಳೂರಿನಲ್ಲಿ ಸಿಸ್ಟಮ್ ಅಡ್ಮಿನ್. ಹಳೆಯ ಯಕ್ಷಗಾನ, ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಆಸಕ್ತರು ಹಂಚಿಕೊಳ್ಳಲಿ ಎಂದು ಜರ್ಮನಿಯ ಕಂಪನಿಯೊಂದರಿಂದ ಸರ್ವರ್ ಬಾಡಿಗೆಗೆ ತೆಗೆದುಕೊಂಡು ಚಾಟ್ ಕೋಣೆಗಳನ್ನೂ ಫೈಲ್ ಇಡಲು ಜಾಗವನ್ನೂ ಮಾಡಿಕೊಟ್ಟಿದ್ದೆ. ಮೊದಲು ಪರಿಚಯದವರಷ್ಟೇ ಇದ್ದರು. ಈಗ ಸದಸ್ಯರು ಸಾವಿರದ ಹತ್ತಿರ, ಮುಕ್ಕಾಲು ಜನ ಯಾರೆಂದೇ ಗೊತ್ತಿಲ್ಲ. ಬಾಡಿಗೆಗೆಂದು ಕೆಲವರು ನನ್ನ ಯುಪಿಐಗೆ ನೂರಿನ್ನೂರು ಹಾಕುತ್ತಾರೆ. ಪ್ರತಿ ವಾರ ಒಳ್ಳೆಯ ಫೈಲ್‌ಗಳನ್ನು ಆರಿಸಿ ‘ವಾರದ ಆಯ್ಕೆ’ ಅಂತ ಮೇಲೆ ಹಾಕುತ್ತೇನೆ. ಕಳೆದ ತಿಂಗಳು, ಯಾರೋ ಹೊಸ ಕನ್ನಡ ಸಿನಿಮಾ ಏರಿಸಿದ್ದಾರೆ ಎಂದು ಬಾಡಿಗೆ ಕಂಪನಿಯಿಂದ ಇಮೇಲ್ ಬಂತು. ತೆಗೆದೆ. ಆಮೇಲೆ ಉಳಿದ ಕೋಣೆಗಳನ್ನು ನೋಡುತ್ತ ಹೋದಾಗ ಒಂದರಲ್ಲಿ ಅಶ್ಲೀಲ ವಿಡಿಯೊಗಳಿದ್ದವು. ಎರಡು ಚಿತ್ರಗಳಲ್ಲಿದ್ದವರು ಮಕ್ಕಳೇ ಅನ್ನಿಸಿತು. ಗಾಬರಿಯಲ್ಲಿ ಆ ಕೋಣೆ, ಆ ಖಾತೆಗಳು, ಲಾಗ್ (ಯಾರು ಯಾವಾಗ ಏನು ಮಾಡಿದರು ಎಂಬ ಸರ್ವರ್ ದಾಖಲೆ) ಎಲ್ಲ ಅಳಿಸಿಬಿಟ್ಟೆ. ಸರ್ವರ್ ಜರ್ಮನಿಯಲ್ಲಿದೆ, ನಮ್ಮ ಕಾನೂನು ತಾಗಲ್ಲ ಅಂತ ಒಬ್ಬ ಸ್ನೇಹಿತ ಹೇಳುತ್ತಾನೆ. ಇನ್ನೊಬ್ಬ, ನೋಡಿದ್ದೇ ತಪ್ಪು, ನೋಡದೇ ಇದ್ದಿದ್ದರೆ ಜವಾಬ್ದಾರಿಯೇ ಇರುತ್ತಿರಲಿಲ್ಲ ಅನ್ನುತ್ತಾನೆ. ನಾನು ಜೈಲಿಗೆ ಹೋಗಬೇಕಾಗುತ್ತದೆಯೇ? ಸರ್ವರ್ ಮುಚ್ಚಿಬಿಡಲೇ? ನಿಮಗೆ ಅರ್ಥವಾಗಲಿ ಎಂದು ಒಂದು ಚಿತ್ರದ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ, ಕಳಿಸಲೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದಕ್ಕೆ ಸಮಯವಿದೆ, ಇದಕ್ಕಿಲ್ಲ. ಆ ಸ್ಕ್ರೀನ್‌ಶಾಟ್ ನನಗೆ ಕಳಿಸಬೇಡಿ. ಬೇರೆ ವಕೀಲರಿಗೂ, ಸ್ನೇಹಿತರಿಗೂ, ‘ಪೊಲೀಸರಿಗೆ ತೋರಿಸಲಿಕ್ಕೆ’ ಅಂತ ಯಾವ ವಾಟ್ಸ್ಆ್ಯಪ್ ನಂಬರಿಗೂ ಕಳಿಸಬೇಡಿ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಎಷ್ಟೇ ಒಳ್ಳೆಯ ಉದ್ದೇಶದಿಂದ ಕಳಿಸಿದರೂ ಅದು ರವಾನೆಯೇ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 67ಬಿ ಅಡಿ ಮೊದಲ ಅಪರಾಧಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಇದೆ. ಇನ್ನೊಂದು ಮಾತು: ನಿಮ್ಮ ಫೋನಿನ ಫೋಟೊಗಳು ತಾವಾಗಿಯೇ ಕ್ಲೌಡ್‌ಗೆ ಹೋಗುವಂತಿದ್ದರೆ ಆ ಚಿತ್ರ ಈಗಾಗಲೇ ಅಲ್ಲಿಗೆ ಹೋಗಿರಬಹುದು. ದೊಡ್ಡ ಕ್ಲೌಡ್ ಕಂಪನಿಗಳು ಇಂಥ ಚಿತ್ರಗಳನ್ನು ಯಂತ್ರದಿಂದ ಪತ್ತೆ ಹಚ್ಚಿ ಅಮೆರಿಕದ ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣೆಯ ಸಂಸ್ಥೆಗೆ ವರದಿ ಮಾಡುತ್ತವೆ. ಭಾರತಕ್ಕೆ ಸಂಬಂಧಿಸಿದ ವರದಿಗಳು 2019ರ ಒಪ್ಪಂದದ ಪ್ರಕಾರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಬಂದು, ಅಲ್ಲಿಂದ ರಾಜ್ಯ ಪೊಲೀಸರಿಗೆ ಇಳಿಯುತ್ತವೆ. ಅಂದರೆ ನೀವು ಠಾಣೆಗೆ ಹೋಗುವ ಮೊದಲೇ ನಿಮ್ಮ ಹೆಸರು ಠಾಣೆಗೆ ಹೋಗಿರುವ ಸಾಧ್ಯತೆ ಇದೆ, ಅದೂ ಅಪ್‌ಲೋಡ್ ಮಾಡಿದವನಾಗಿ. ಹಾಗಾಗಿ ವರದಿ ನಿಮ್ಮಿಂದಲೇ ಮೊದಲು ಹೋಗಬೇಕು. ಹೇಗೆ ಎನ್ನುವುದನ್ನು ಕೆಳಗೆ ಹೇಳುತ್ತೇನೆ.

ಈಗ ನಿಮ್ಮ ಮೂಲ ಭಯಕ್ಕೆ ಬರೋಣ. ಬೇರೆಯವರು ಏರಿಸಿದ ಫೈಲಿಗೆ ಸರ್ವರ್ ನಡೆಸುವವನು ಜೈಲಿಗೆ ಹೋಗುತ್ತಾನೆಯೇ? ಒಂದು ಕಾಲದಲ್ಲಿ ಹೋಗಿದ್ದರು. 2004ರ ನವೆಂಬರಿನಲ್ಲಿ ಬಾಝೀ ಡಾಟ್ ಕಾಮ್ ಎಂಬ ಹರಾಜು ತಾಣದಲ್ಲಿ, ದೆಹಲಿಯ ಶಾಲಾ ವಿದ್ಯಾರ್ಥಿಗಳಿಬ್ಬರ ಅಶ್ಲೀಲ ಎಂಎಂಎಸ್ ತುಣುಕನ್ನು ಐಐಟಿ ಖರಗಪುರದ ವಿದ್ಯಾರ್ಥಿಯೊಬ್ಬ ಮಾರಾಟಕ್ಕಿಟ್ಟಿದ್ದ. ಶನಿವಾರ ಬಳಕೆದಾರರೊಬ್ಬರು ದೂರು ಕೊಟ್ಟರೂ ಜಾಹೀರಾತು ಇಳಿದದ್ದು ಸೋಮವಾರ ಬೆಳಿಗ್ಗೆ. ಕಂಪನಿಯ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನು ಆ ಡಿಸೆಂಬರಿನಲ್ಲಿ ಬಂಧಿಸಿದರು. ಅವರ ಮೇಲಿನ ಪ್ರಕರಣವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2012ರಲ್ಲಿ, ಅದೂ ಕಂಪನಿಯನ್ನು ಆರೋಪಿ ಮಾಡದೆ ಮುಖ್ಯಸ್ಥನನ್ನು ಮಾತ್ರ ಆರೋಪಿ ಮಾಡುವಂತಿಲ್ಲ ಎಂಬ ಕಾರಣಕ್ಕೆ. ನಿರ್ದೋಷಿ ಎಂದು ಹೇಳಿ ಬಿಟ್ಟದ್ದಲ್ಲ. ವಾರಾಂತ್ಯದಲ್ಲಿ ಯಾರೂ ಇಮೇಲ್ ನೋಡದೆ ಇದ್ದುದಕ್ಕೆ ಎಂಟು ವರ್ಷದ ಕೋರ್ಟು ಅಲೆದಾಟ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಆ ಗದ್ದಲದ ನಂತರವೇ ಕಾನೂನು ಬದಲಾಯಿತು. 2008ರಲ್ಲಿ ತಿದ್ದುಪಡಿಯಾಗಿ 2009ರ ಅಕ್ಟೋಬರಿನಿಂದ ಜಾರಿಯಾದ ಐಟಿ ಕಾಯ್ದೆಯ ಸೆಕ್ಷನ್ 79 ‘ಮಧ್ಯವರ್ತಿ’ಗಳಿಗೆ ರಕ್ಷಣೆ ಕೊಡುತ್ತದೆ. ಇನ್ನೊಬ್ಬರ ಪರವಾಗಿ ಮಾಹಿತಿಯನ್ನು ಪಡೆಯುವ, ಇಡುವ, ಸಾಗಿಸುವ ಯಾರೇ ಆದರೂ ಮಧ್ಯವರ್ತಿ. ಕಂಪನಿಯೇ ಆಗಿರಬೇಕಿಲ್ಲ. ಹವ್ಯಾಸಕ್ಕೆ ಸರ್ವರ್ ನಡೆಸುವ ನೀವೂ ಮಧ್ಯವರ್ತಿಯೇ. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ದೊಡ್ಡ ಸಾಮಾಜಿಕ ಜಾಲತಾಣಗಳಿಗೆ ಹೆಚ್ಚುವರಿ ಕರ್ತವ್ಯಗಳಿವೆ, ಅವು ನಿಮಗಿಲ್ಲ. ಆದರೆ ಸಣ್ಣವರು ಅಂತ ಮೂಲ ಕರ್ತವ್ಯಗಳಿಂದ ವಿನಾಯಿತಿಯೂ ಇಲ್ಲ. ಸರ್ವರ್ ನಡೆಸುವ ಹುಡುಗರು ಹೆಚ್ಚಾಗಿ ಎಡವುವುದು ಇಲ್ಲೇ: ‘ನಮ್ಮದು ಚಿಕ್ಕದು, ದುಡ್ಡು ಮಾಡಲ್ಲ, ನಮಗೆಲ್ಲಿಯ ರೂಲ್ಸು’ ಅನ್ನುತ್ತಾರೆ.

ಈ ರಕ್ಷಣೆಗೆ ಷರತ್ತುಗಳಿವೆ. ಸಂದೇಶ ನೀವು ಶುರು ಮಾಡಿದ್ದಾಗಿರಬಾರದು, ಯಾರಿಗೆ ಹೋಗಬೇಕೆಂದು ನೀವು ನಿರ್ಧರಿಸಿರಬಾರದು, ಅದರೊಳಗಿನದ್ದನ್ನು ನೀವು ಆರಿಸಿರಲೂಬಾರದು, ತಿದ್ದಿರಲೂಬಾರದು, ಸರ್ಕಾರ ಹೇಳಿದ ಎಚ್ಚರಿಕೆಯ ಕ್ರಮಗಳನ್ನು ಪಾಲಿಸಿರಬೇಕು. ಇವುಗಳಲ್ಲಿ ‘ಆರಿಸಿ’ ಅನ್ನುವ ಮಾತು ನಿಮಗೆ ತಾಗುತ್ತದೆ. ನಿಮ್ಮ ‘ವಾರದ ಆಯ್ಕೆ’ ನೋಡಲು ನಿರುಪದ್ರವಿ. ಆದರೆ ಅದರಲ್ಲಿ ಒಂದೇ ಒಂದು ಪೈರೇಟೆಡ್ ಫೈಲ್ ಬಂದಿದ್ದರೂ, ‘ಇದು ಯಾರೋ ಹಾಕಿದ್ದು, ನನಗೆ ಗೊತ್ತಿರಲಿಲ್ಲ’ ಅನ್ನುವ ವಾದ ಆ ಫೈಲಿನ ಮಟ್ಟಿಗೆ ನಿಲ್ಲುವುದಿಲ್ಲ. ಕೈಯಿಂದ ಆರಿಸಿ ಮೇಲೆ ಹಾಕಿದವರು ನೀವು. ಇಂಥ ಪ್ರಕರಣಗಳಲ್ಲಿ ತನಿಖಾಧಿಕಾರಿ ಮೊದಲು ಹುಡುಕುವುದೇ ಅಡ್ಮಿನ್‌ನ ಸ್ವಂತ ಸಂದೇಶಗಳನ್ನು: ‘ಸೂಪರ್ ಪ್ರಿಂಟ್ ಗುರು’ ಎಂಬ ಉತ್ತರ, ಒಂದು ಹೆಬ್ಬೆರಳಿನ ಗುರುತು, ಹೀಗೆ. ಹಳೆಯ ಆಯ್ಕೆಗಳ ಪಟ್ಟಿ ತೆಗೆದು ಕೂತು ಒಮ್ಮೆ ನೋಡಿ. ಏನನ್ನೂ ಅಳಿಸದೆ, ಬರೀ ನೋಡಿ.

ಹಾಗಾದರೆ ನಿಮ್ಮ ಎರಡನೇ ಸ್ನೇಹಿತ ಹೇಳಿದಂತೆ, ನೋಡದೇ ಇರುವುದೇ ಕ್ಷೇಮವೇ? ಈ ಮಾತಿಗೆ ಒಂದು ಬೇರಿದೆ, ಅದಕ್ಕೇ ಇಷ್ಟು ಹಬ್ಬಿದೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ಹೇಳುತ್ತಿದ್ದ ಸೆಕ್ಷನ್ 66ಎ ಅನ್ನು ರದ್ದು ಮಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ತೀರ್ಪಿನಲ್ಲಿ ಮಧ್ಯವರ್ತಿಯ ‘ಅರಿವು’ ಎಂದರೆ ನ್ಯಾಯಾಲಯದ ಆದೇಶದ ಮೂಲಕ ಅಥವಾ ಸರ್ಕಾರದ ಸೂಚನೆಯ ಮೂಲಕ ಬಂದ ಅರಿವು ಎಂದೂ ಹೇಳಿತು. ಯಾರೋ ಒಬ್ಬರು ‘ಇದು ನನಗೆ ಅವಮಾನ, ತೆಗೆಯಿರಿ’ ಅಂದಾಕ್ಷಣ ತೆಗೆಯದಿದ್ದರೆ ರಕ್ಷಣೆ ಹೋಗುವುದಿಲ್ಲ ಎಂಬುದು ಅದರ ಆಶಯ. ಮಾನಹಾನಿ, ರಾಜಕೀಯ ಟೀಕೆ ಇಂಥ ವಿಷಯಕ್ಕೆ ಅದು ಒಳ್ಳೆಯ ನಿಯಮವೂ ಹೌದು. ಆದರೆ ಜನ ಇದನ್ನು ‘ಕೋರ್ಟ್ ಆರ್ಡರ್ ಬರುವ ತನಕ ಕಣ್ಣು ಮುಚ್ಚಿಕೊಂಡಿರಬಹುದು’ ಎಂದು ಎಲ್ಲ ಬಗೆಯ ಫೈಲಿಗೂ ಅಂಟಿಸಿಬಿಟ್ಟರು. ನಿಮ್ಮ ಸರ್ವರ್‌ನಲ್ಲಿ ಸಿಕ್ಕಿದ್ದು ಮೂರು ಬಗೆಯ ವಸ್ತು. ಮೂರಕ್ಕೂ ಗಡಿಯಾರ ಬೇರೆ ಬೇರೆ.

ಮೊದಲು ಸಿನಿಮಾ. ಕೃತಿಸ್ವಾಮ್ಯದ ವಿಷಯದಲ್ಲಿ ಕೋರ್ಟ್ ಆದೇಶಕ್ಕೆ ಕಾಯುವಂತಿಲ್ಲ. ಹಕ್ಕುದಾರ ಲಿಖಿತವಾಗಿ, ಯಾವ ಕೃತಿ, ಎಲ್ಲಿದೆ ಎಂದು ಸ್ಪಷ್ಟವಾಗಿ ದೂರು ಕೊಟ್ಟರೆ 36 ಗಂಟೆಯೊಳಗೆ ತೆಗೆಯಬೇಕು. 21 ದಿನದಲ್ಲಿ ಅವರು ಕೋರ್ಟಿನಿಂದ ಆದೇಶ ತರದಿದ್ದರೆ ನೀವು ಮತ್ತೆ ತೆರೆಯಬಹುದು. ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಸಿ) ಮತ್ತು 2013ರ ನಿಯಮಗಳು ಹೇಳುವುದು ಇದನ್ನೇ. ಎಲ್ಲೋ ಏನೋ ಕದ್ದ ಮಾಲು ಇರಬಹುದು ಎಂಬ ಸಾಮಾನ್ಯ ಊಹೆ ‘ಅರಿವು’ ಆಗುವುದಿಲ್ಲ, ನಿರ್ದಿಷ್ಟವಾಗಿ ತಿಳಿದಿರಬೇಕು ಎಂದು 2016ರ ಮೈಸ್ಪೇಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಇಮೇಲ್ ಬಂದ ಕೂಡಲೇ ನೀವು ತೆಗೆದಿದ್ದೀರಿ. ‘ವಾರದ ಆಯ್ಕೆ’ಯಲ್ಲಿ ಅದು ಇರಲಿಲ್ಲ ಎಂದಾದರೆ ಇಲ್ಲಿ ನಿಮ್ಮ ಸ್ಥಿತಿ ಗಟ್ಟಿಯಾಗಿದೆ. ಹಾಗೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಗೊತ್ತಿದ್ದೂ ನೆರವಾದರೆ ಸೆಕ್ಷನ್ 63ರ ಅಡಿ 6 ತಿಂಗಳಿಂದ 3 ವರ್ಷ ಜೈಲಿದೆ. ಅದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿ ಹರಡುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಲ್ಲಿ 3 ಲಕ್ಷದಿಂದ ಹಿಡಿದು ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ 5ರವರೆಗೂ ದಂಡ ಇದೆ.

ಯುಪಿಐಗೆ ಬರುವ ಹಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಲಾಭಕ್ಕಾಗಿ ಜಾಗ ಕೊಟ್ಟವನಿಗೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬೇರೆಯದೇ ಹೊಣೆ ಇದೆ. ನೀವು ಲಾಭ ಮಾಡುತ್ತಿಲ್ಲ, ಬಾಡಿಗೆ ಹಂಚಿಕೊಳ್ಳುತ್ತಿದ್ದೀರಿ. ಆದರೆ ಅದನ್ನು ತೋರಿಸಲು ಲೆಕ್ಕ ಬೇಕು. ಬಂದದ್ದೆಷ್ಟು, ಬಾಡಿಗೆಗೆ ಹೋದದ್ದೆಷ್ಟು ಎಂದು ಒಂದು ಹಾಳೆ ಬರೆದಿಡಿ. ಮನೆಯ ಸಂಬಳ ಬೀಳುವ ಖಾತೆಗೆ ಈ ಹಣ ಬರುತ್ತಿದ್ದರೆ ಇಂದೇ ಬೇರೆ ಮಾಡಿ. ತನಿಖೆಯಲ್ಲಿ ಖಾತೆ ತಡೆಹಿಡಿದರೆ ಆ ತಿಂಗಳ ಇಎಂಐ ಕೂಡ ನಿಲ್ಲುತ್ತದೆ. (ಇನ್ನೊಂದು ಅಪ್ರಿಯ ಮಾತು: ನಿಮ್ಮ ಯಕ್ಷಗಾನ ಸಂಗ್ರಹವೂ ಪೂರ್ತಿ ನಿಷ್ಕಳಂಕ ಎಂದುಕೊಳ್ಳಬೇಡಿ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ, ಧ್ವನಿಮುದ್ರಣಕ್ಕೆ 60 ವರ್ಷ ಕೃತಿಸ್ವಾಮ್ಯವಿದೆ. ಮೇಳದವರಿಂದ, ಭಾಗವತರ ಮನೆಯವರಿಂದ ಒಂದು ಒಪ್ಪಿಗೆ ಪತ್ರ ಪಡೆಯುವುದು ಅಷ್ಟೇನೂ ಕಷ್ಟವಲ್ಲ. ಕೇಳಿದರೆ ಬಹುಪಾಲು ಜನ ಸಂತೋಷದಿಂದ ಕೊಡುತ್ತಾರೆ.)

ಎರಡನೆಯದು ವಯಸ್ಕರ ಅಶ್ಲೀಲ ವಿಡಿಯೊಗಳು ಮತ್ತು ಕಾನೂನುಬಾಹಿರ ಎನ್ನಲಾಗುವ ಉಳಿದೆಲ್ಲ ವಸ್ತು. ಇಲ್ಲಿ ಶ್ರೇಯಾ ಸಿಂಘಾಲ್ ನಿಯಮ ಅನ್ವಯವಾಗುತ್ತದೆ, ಆದರೆ ಗಡುವು ಬಿಗಿಯಾಗುತ್ತ ಬಂದಿದೆ. 2021ರ ಐಟಿ ನಿಯಮಗಳಲ್ಲಿ ಆದೇಶ ಬಂದ 36 ಗಂಟೆಯೊಳಗೆ ತೆಗೆಯಬೇಕೆಂದಿತ್ತು. 2026ರ ಫೆಬ್ರುವರಿಯ ತಿದ್ದುಪಡಿಯ ನಂತರ ಅದು 3 ಗಂಟೆ. ವ್ಯಕ್ತಿಯೊಬ್ಬರು ತಮ್ಮದೇ ಖಾಸಗಿ, ನಗ್ನ ದೃಶ್ಯ ಒಪ್ಪಿಗೆಯಿಲ್ಲದೆ ಬಂದಿದೆ ಎಂದು ದೂರು ಕೊಟ್ಟರೆ ಕೋರ್ಟ್ ಆದೇಶವೇ ಬೇಕಿಲ್ಲ, ಮೊದಲು 24 ಗಂಟೆಯಿದ್ದ ಗಡುವು ಈಗ 2 ಗಂಟೆ. ಹಗಲು ಕೆಲಸಕ್ಕೆ ಹೋಗಿ ರಾತ್ರಿ ಸರ್ವರ್ ನೋಡುವ ಒಬ್ಬನೇ ಮನುಷ್ಯನಿಗೆ ಇದು ಅಸಾಧ್ಯಕ್ಕೆ ಹತ್ತಿರದ ಮಾತು. ನಿಯಮ ಮಾಡಿದವರ ಕಣ್ಣೆದುರು ಇದ್ದದ್ದು ಅಮೆರಿಕದ ದೈತ್ಯ ಕಂಪನಿಗಳು, ಕುಂದಾಪುರದ ಹವ್ಯಾಸಿ ಅಲ್ಲ. ಆದರೆ ಬರೆದ ಭಾಷೆ ಇಬ್ಬರಿಗೂ ಒಂದೇ.

ಯಾರು ಕಳಿಸಿದರೆ ಅದು ‘ಆದೇಶ’? ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. 2025ರ ನವೆಂಬರ್ 15ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ, ಸರ್ಕಾರದ ಕಡೆಯಿಂದ ತೆಗೆಯಲು ಹೇಳುವವರು ಜಂಟಿ ಕಾರ್ಯದರ್ಶಿ (ಆ ಹುದ್ದೆ ಇಲ್ಲದ ಕಡೆ ನಿರ್ದೇಶಕ) ದರ್ಜೆಗೆ ಕಡಿಮೆ ಇರಬಾರದು. ಪೊಲೀಸರಾದರೆ ವಿಶೇಷವಾಗಿ ಅಧಿಕಾರ ಪಡೆದ, ಡಿಐಜಿ ಅಥವಾ ಅದಕ್ಕೂ ಮೇಲಿನ ದರ್ಜೆಯವರಾಗಿರಬೇಕು. ಯಾವ ಕಾನೂನು ಉಲ್ಲಂಘನೆ, ಯಾವ ಕೊಂಡಿ ಎಂದು ನಿರ್ದಿಷ್ಟವಾಗಿ ಬರೆದಿರಬೇಕು. ಇಂಥ ಸೂಚನೆಗಳು ಈಗ ಕೇಂದ್ರ ಗೃಹ ಸಚಿವಾಲಯದ ಸಹಯೋಗ್ ಪೋರ್ಟಲ್ ಮೂಲಕ ಹೋಗುತ್ತವೆ. ಆ ವ್ಯವಸ್ಥೆಯನ್ನು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಪ್ರಶ್ನಿಸಿದಾಗ 2025ರ ಸೆಪ್ಟೆಂಬರ್ 24ರಂದು ಅರ್ಜಿಯನ್ನು ವಜಾ ಮಾಡಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ಇದು ತೆಗೆಯುವ ಆದೇಶದ ಮಾತು. ದಾಖಲೆ ಕೇಳುವುದು ಬೇರೆ. ಠಾಣಾಧಿಕಾರಿಯೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರ ಅಡಿ ನೋಟಿಸ್ ಕೊಟ್ಟು ಲಾಗ್, ಬಳಕೆದಾರರ ವಿವರ ಕೇಳಬಹುದು. ‘ಡಿಐಜಿ ಸಹಿ ತನ್ನಿ’ ಎಂದು ಅಲ್ಲಿ ವಾದಿಸಿದರೆ ಸಿಗುವುದು ತೊಂದರೆ ಮಾತ್ರ. ಅಧಿಕೃತ ತನಿಖಾ ಸಂಸ್ಥೆ ಲಿಖಿತವಾಗಿ ಕೇಳಿದ ಮಾಹಿತಿಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ಐಟಿ ನಿಯಮಗಳೂ ಹೇಳುತ್ತವೆ. ಬರೀ ಫೋನಿನಲ್ಲಿ, ವಿಡಿಯೊ ಕಾಲ್‌ನಲ್ಲಿ ಬೆದರಿಸಿ ಹಣ ಕೇಳುವವನು ಪೊಲೀಸನಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ನಿಮ್ಮಂಥ ಹೆದರಿದವರೇ ಆ ವಂಚಕರಿಗೆ ಸುಲಭದ ತುತ್ತು.

ಮೂರನೆಯದು ಮಕ್ಕಳ ಚಿತ್ರಗಳು. ಇಲ್ಲಿ ಯಾರ ಆದೇಶಕ್ಕೂ, ಯಾರ ದೂರಿಗೂ ಕಾಯುವಂತಿಲ್ಲ. ಗೊತ್ತಾದ ಕೂಡಲೇ ನೀವೇ ವರದಿ ಮಾಡಬೇಕು. 2024ರ ಸೆಪ್ಟೆಂಬರ್ 23ರಂದು ಜಸ್ಟ್ ರೈಟ್ಸ್ ಫಾರ್ ಚಿಲ್ಡ್ರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು: ಮಧ್ಯವರ್ತಿ ತೆಗೆದುಹಾಕಿದರಷ್ಟೇ ಸಾಲದು, ಪೋಕ್ಸೊ ಕಾಯ್ದೆ ಹೇಳುವಂತೆ ಪೊಲೀಸರಿಗೆ ವರದಿಯನ್ನೂ ಮಾಡದಿದ್ದರೆ ಸೆಕ್ಷನ್ 79ರ ರಕ್ಷಣೆ ಕೇಳುವಂತಿಲ್ಲ. ಅಮೆರಿಕದ ಎನ್‌ಸಿಎಂಇಸಿಗೆ ತಿಳಿಸಿದ್ದೇವೆ ಎಂದರೂ ಮುಗಿಯುವುದಿಲ್ಲ, ಇಲ್ಲಿನ ಪೊಲೀಸರಿಗೂ ತಿಳಿಸಬೇಕು. ವರದಿ ಮಾಡದೇ ಇರುವುದಕ್ಕೆ ಪೋಕ್ಸೊ ಸೆಕ್ಷನ್ 21ರಲ್ಲಿ ಪ್ರತ್ಯೇಕ ಶಿಕ್ಷೆಯೇ ಇದೆ. ಹಂಚುವ ಉದ್ದೇಶದಿಂದ ಅಳಿಸದೆ, ವರದಿ ಮಾಡದೆ ಇಟ್ಟುಕೊಂಡರೆ ಸೆಕ್ಷನ್ 15 ಬರುತ್ತದೆ. ನಿಮ್ಮ ಸ್ಕ್ರೀನ್‌ಶಾಟ್ ಬಗ್ಗೆ ನಾನು ಇಷ್ಟು ಒತ್ತಿ ಹೇಳಿದ್ದು ಅದಕ್ಕೇ. ಇನ್ನೊಂದು ಕಡೆ, ಸದುದ್ದೇಶದಿಂದ ಮಾಹಿತಿ ಕೊಟ್ಟವನಿಗೆ ಅದೇ ಕಾರಣಕ್ಕೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆಯಿಲ್ಲ ಎಂದು ಸೆಕ್ಷನ್ 19 ಸ್ಪಷ್ಟವಾಗಿ ಹೇಳುತ್ತದೆ. ಜನ ಶಿಕ್ಷೆಯ ಸೆಕ್ಷನ್ ನೋಡಿ ಹೆದರುತ್ತಾರೆ, ಈ ಉಪಸೆಕ್ಷನ್ ಓದುವುದೇ ಇಲ್ಲ.

ಚಿತ್ರದಲ್ಲಿದ್ದವರು ನಿಜಕ್ಕೂ ಮಕ್ಕಳೇ ಎಂದು ನೀವು ತೀರ್ಮಾನಿಸಬೇಕಿಲ್ಲ. ಮಕ್ಕಳಂತೆ ಕಂಡರು ಎನ್ನುವುದೇ ವರದಿಗೆ ಸಾಕು.

ಇನ್ನು ಅಳಿಸಿದ ಲಾಗ್. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಕಳವಳ ತಂದದ್ದು ಇದು. ಆ ಚಿತ್ರಗಳು ಸಾರ್ವಜನಿಕರಿಗೆ ಕಾಣದಂತೆ ಮಾಡಿದ್ದು ಸರಿ. ಆದರೆ ಏರಿಸಿದವನ ಖಾತೆ, ಐಪಿ ವಿಳಾಸ, ಸಮಯ ಇವೆಲ್ಲ ಆ ಮಗುವನ್ನು ಹುಡುಕಲು ಇದ್ದ ದಾರಿ. ತೆಗೆದ ಮಾಹಿತಿಯನ್ನೂ ಅದರ ದಾಖಲೆಗಳನ್ನೂ ತನಿಖೆಗಾಗಿ 180 ದಿನ ಉಳಿಸಿಡಬೇಕು ಎಂದು ಐಟಿ ನಿಯಮಗಳು ಹೇಳುತ್ತವೆ. ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಡಬೇಕೆಂಬ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ 2022ರಿಂದಲೇ ಇದೆ. ಅಪರಾಧಿಯನ್ನು ಕಾಪಾಡಲು ಸಾಕ್ಷ್ಯ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 238ರ ಅಪರಾಧ. ನಿಮಗೆ ಆ ಉದ್ದೇಶ ಇರಲಿಲ್ಲ ಎಂದು ನಾನು ನಂಬುತ್ತೇನೆ, ತನಿಖಾಧಿಕಾರಿಯೂ ನಂಬುವಂತೆ ಈಗ ನಡೆದುಕೊಳ್ಳಬೇಕು. ಅಳಿಸಿದ್ದು ಪೂರ್ತಿ ಹೋಗಿದೆ ಎಂದು ಅಡ್ಮಿನ್ ಆದ ನೀವೇ ಹೇಳಲಾರಿರಿ. ಬಾಡಿಗೆ ಕಂಪನಿಯ ಸ್ನ್ಯಾಪ್‌ಶಾಟ್, ರಾತ್ರಿಯ ಬ್ಯಾಕಪ್, ಡೇಟಾಬೇಸಿನ ಪ್ರತಿ ಎಲ್ಲಾದರೂ ಉಳಿದಿರಬಹುದು. ತಾನಾಗಿ ಹಳೆಯದನ್ನು ಅಳಿಸುವ ಎಲ್ಲ ವ್ಯವಸ್ಥೆಯನ್ನೂ ಇವತ್ತೇ ನಿಲ್ಲಿಸಿ. ಮರಳಿ ಪಡೆಯಲು ನೀವೇ ಕೈ ಹಾಕಬೇಡಿ. ಇರುವುದನ್ನು ಇರುವಂತೆ ಬಿಡಿ. ಯಾವ ದಿನ, ಎಷ್ಟು ಗಂಟೆಗೆ ಏನು ಕಂಡಿರಿ, ಏನು ಮಾಡಿದಿರಿ ಎಂದು ನೆನಪಿರುವಾಗಲೇ ಬರೆದಿಡಿ, ‘ಗಾಬರಿಯಲ್ಲಿ ಲಾಗ್ ಅಳಿಸಿದೆ’ ಎಂಬುದೂ ಸೇರಿ. ಅದನ್ನು ಪೊಲೀಸರು ಆಮೇಲೆ ಪತ್ತೆ ಮಾಡುವುದಕ್ಕೂ ನೀವೇ ಮೊದಲು ಹೇಳುವುದಕ್ಕೂ ಇರುವ ಅಂತರ ದೊಡ್ಡದು.

ಜರ್ಮನಿಯ ಸರ್ವರ್ ಬಗ್ಗೆ ನಿಮ್ಮ ಮೊದಲನೇ ಸ್ನೇಹಿತನಿಗೆ ಎರಡು ಮಾತು. ನೀವು ಕೂತಿರುವುದು ಬೆಂಗಳೂರಿನಲ್ಲಿ, ನಿಯಂತ್ರಿಸುವುದು ಇಲ್ಲಿಯ ಲ್ಯಾಪ್‌ಟಾಪಿನಿಂದ, ಬಳಸುವವರು ಇಲ್ಲಿಯವರು. ಡಿಸ್ಕ್ ಯಾವ ದೇಶದಲ್ಲಿ ತಿರುಗುತ್ತದೆ ಎಂಬುದು ಆಮೇಲಿನ ಮಾತು. ಐಟಿ ಕಾಯ್ದೆಯ ಸೆಕ್ಷನ್ 75 ದೇಶದ ಹೊರಗೆ ನಡೆದ ಕೃತ್ಯಕ್ಕೂ, ಇಲ್ಲಿನ ಕಂಪ್ಯೂಟರ್ ಅದರಲ್ಲಿ ಸೇರಿದ್ದರೆ, ಅನ್ವಯಿಸುತ್ತದೆ. ಸರ್ವರ್ ಅಲ್ಲಿರುವುದರಿಂದ ಆಗುವುದೆಂದರೆ ಜರ್ಮನಿಯ ಕಾನೂನೂ ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯೂ ಹೆಚ್ಚುವರಿಯಾಗಿ ಸೇರಿಕೊಳ್ಳುತ್ತವೆ. ಬಾಡಿಗೆ ಕಂಪನಿ ತನ್ನ ಕುತ್ತಿಗೆ ಉಳಿಸಿಕೊಳ್ಳಲು ನಿಮ್ಮ ಸರ್ವರನ್ನು ಒಂದೇ ಇಮೇಲಿನಲ್ಲಿ ಕಡಿದುಹಾಕಬಹುದು. ಪೂರ್ತಿ ಎನ್‌ಕ್ರಿಪ್ಟ್ ಮಾಡಿಬಿಟ್ಟರೆ ಹೇಗೆ ಎಂದೂ ಈ ಸ್ನೇಹಿತರು ಮುಂದೆ ಕೇಳುತ್ತಾರೆ, ಗ್ಯಾರಂಟಿ. ಕೀಲಿ ನಿಮ್ಮ ಬಳಿ ಇಲ್ಲದಿದ್ದರೆ ಬಿಚ್ಚಿ ಕೊಡಿ ಎನ್ನಲಾಗದು, ಅದು ನಿಜ. ಆದರೆ ದೂರು ಬಂದ ಫೈಲನ್ನು, ಖಾತೆಯನ್ನು ನಿಲ್ಲಿಸುವ ಕರ್ತವ್ಯ ಹಾಗೇ ಉಳಿಯುತ್ತದೆ.

‘ಇಲ್ಲಿನ ವಸ್ತುಗಳಿಗೆ ಅಡ್ಮಿನ್ ಹೊಣೆಯಲ್ಲ’ ಎಂದು ಮುಖಪುಟದಲ್ಲಿ ಬರೆದರೆ ಏನೂ ಆಗುವುದಿಲ್ಲ, ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ. ಬರೆಯಬೇಕಾದ್ದು ಬೇರೆ: ಬಳಕೆಯ ನಿಯಮಗಳು, ಏನು ಹಾಕಬಾರದು ಎಂಬ ಪಟ್ಟಿ, ದೂರು ಅಧಿಕಾರಿಯ ಹೆಸರು ಮತ್ತು ಸಂಪರ್ಕ. ನಿಮ್ಮಲ್ಲಿ ಆ ಅಧಿಕಾರಿ ನೀವೇ. 2022ರ ತಿದ್ದುಪಡಿಯ ನಂತರ ಈ ನಿಯಮಗಳನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲೇ ಬರೆಯಿರಿ, ನಿಮ್ಮವರು ಓದುತ್ತಾರೆ. ನೀವಾಗಿ ಕೆಟ್ಟದ್ದನ್ನು ತೆಗೆದರೆ ‘ಆರಿಸುವವನು’ ಆಗಿ ರಕ್ಷಣೆ ಕಳೆದುಕೊಳ್ಳುತ್ತೀರಿ ಎಂಬ ಇನ್ನೊಂದು ಮಾತೂ ಓಡಾಡುತ್ತಿದೆ. ಅದು ಸುಳ್ಳು. ಸ್ವಇಚ್ಛೆಯಿಂದ ತೆಗೆದದ್ದು ಷರತ್ತಿನ ಉಲ್ಲಂಘನೆಯಲ್ಲ ಎಂದು 2021ರ ನಿಯಮಗಳಲ್ಲೇ ಬರೆದಿದೆ.

ಈಗ ಮುಚ್ಚಲೇ ಎಂಬ ಪ್ರಶ್ನೆ. ಮುಚ್ಚಿದರೆ ಹೊಸ ಅಪಾಯ ನಿಲ್ಲುತ್ತದೆ, ಆಗಿಹೋದದ್ದು ಮಾಯವಾಗುವುದಿಲ್ಲ. ವರದಿ ಮಾಡುವ ಮೊದಲೇ ಸರ್ವರ್ ರದ್ದು ಮಾಡಿದರೆ ಉಳಿದ ಸಾಕ್ಷ್ಯವೂ ಹೋಯಿತು ಎಂದಾಗುತ್ತದೆ. ಆದ್ದರಿಂದ ಮುಚ್ಚುವುದಿದ್ದರೂ ವರದಿಯ ನಂತರ, ಡಿಸ್ಕಿನ ಪ್ರತಿ ಉಳಿಸಿಕೊಂಡು, ತನಿಖಾಧಿಕಾರಿಗೆ ತಿಳಿಸಿಯೇ ಮುಚ್ಚಿ. ಎಲ್ಲರನ್ನೂ ವಾಟ್ಸ್ಆ್ಯಪ್‌ನಂಥ ದೊಡ್ಡ ವೇದಿಕೆಗೆ ಕರೆದೊಯ್ಯುವುದು ಇನ್ನೊಂದು ದಾರಿ. ಸದಸ್ಯನ ಸಂದೇಶಕ್ಕೆ ಗ್ರೂಪ್ ಅಡ್ಮಿನ್ ತಾನಾಗಿ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟೂ ಹೇಳಿವೆ. ಮಧ್ಯವರ್ತಿಯ ಭಾರ ಆಗ ಆ ಕಂಪನಿಯ ತಲೆಗೆ. ಬದಲಿಗೆ ನಿಮ್ಮ ಸಂಗ್ರಹ ಚೆಲ್ಲಾಪಿಲ್ಲಿಯಾಗುತ್ತದೆ. ಸಂಘವನ್ನೋ ಕಂಪನಿಯನ್ನೋ ನೋಂದಾಯಿಸಿ ಹೆಸರು ಬದಲಿಸುವ ಸಲಹೆ ಕೊಡುವವರೂ ಸಿಗುತ್ತಾರೆ. ಒಬ್ಬನೇ ನಡೆಸುವ ಸರ್ವರ್‌ಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ವ್ಯವಹಾರದ ಉಸ್ತುವಾರಿ ಹೊತ್ತವನನ್ನೂ ಐಟಿ ಕಾಯ್ದೆಯ ಸೆಕ್ಷನ್ 85 ಹಿಡಿಯುತ್ತದೆ, ಆ ಉಸ್ತುವಾರಿ ನೀವೇ.

ನನ್ನ ಕೈಯಲ್ಲಿದ್ದರೆ ನಾನು ಬಾಗಿಲು ಕಿರಿದು ಮಾಡುತ್ತಿದ್ದೆ. ಕೇಳುವವರು ಸಾವಿರ ಇರಲಿ, ಫೈಲ್ ಏರಿಸುವವರು ನಿಮಗೆ ಮುಖಪರಿಚಯ ಇರುವ ಇಪ್ಪತ್ತು ಮೂವತ್ತು ಜನ ಸಾಕು. ಹೊಸಬರಿಗೆ ಫೋನ್ ನಂಬರ್ ಪರಿಶೀಲನೆ ಕಡ್ಡಾಯ ಮಾಡಿ. ಧ್ವನಿಮುದ್ರಣದ ಸರ್ವರಿಗೆ ವಿಡಿಯೊ ಏಕೆ ಬೇಕು? ಆಡಿಯೊ ಬಿಟ್ಟು ಬೇರೆ ಬಗೆಯ ಫೈಲ್ ಏರದಂತೆ ಮಾಡಿದರೆ ನಿಮ್ಮ ಮುಕ್ಕಾಲು ಸಮಸ್ಯೆ ಅಲ್ಲಿಗೇ ನಿಲ್ಲುತ್ತದೆ. ಸದಸ್ಯರು ತಾವೇ ಖಾಸಗಿ ಕೋಣೆ ತೆರೆಯುವ ಸೌಲಭ್ಯ ತೆಗೆಯಿರಿ. ಚಿತ್ರ ಬೇಕೇ ಬೇಕೆಂದಾದರೆ, ಈಗಾಗಲೇ ಪತ್ತೆಯಾದ ಮಕ್ಕಳ ಶೋಷಣೆಯ ಚಿತ್ರಗಳನ್ನು ಗುರುತಿಸುವ ಉಚಿತ ಸೌಲಭ್ಯ ಕ್ಲೌಡ್‌ಫ್ಲೇರ್ ಸೇವೆಯಲ್ಲಿದೆ, ಅದನ್ನು ಮುಂದೆ ಕೂರಿಸಿ. ದೂರಿನ ಇಮೇಲ್ ವಿಳಾಸ ನಿಮ್ಮೊಬ್ಬರಿಗೇ ಬರುವಂತೆ ಇಡಬೇಡಿ. ತೆಗೆಯುವ ಅಧಿಕಾರವಿರುವ ಇನ್ನಿಬ್ಬರು ಬೇರೆ ಬೇರೆ ಹೊತ್ತಿನಲ್ಲಿ ಎಚ್ಚರವಿರುವವರಾಗಿರಲಿ. ಗಲ್ಫ್‌ನಲ್ಲೋ ಅಮೆರಿಕದಲ್ಲೋ ಇರುವ ನಿಮ್ಮೂರಿನ ಯಕ್ಷಗಾನ ಪ್ರೇಮಿಯೊಬ್ಬರು ಒಪ್ಪಿದರೆ 3 ಗಂಟೆಯ ಗಡುವು ಅಷ್ಟು ಭಯಂಕರವಾಗಿ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿಯುತ್ತದೆ, ಅದನ್ನು ಮುಚ್ಚಿಟ್ಟು ಸಮಾಧಾನ ಹೇಳಲಾರೆ. ಸೆಕ್ಷನ್ 79 ಠಾಣೆಯ ಬಾಗಿಲಲ್ಲಿ ತೋರಿಸಿ ಒಳಗೆ ಹೋಗುವ ಪಾಸ್ ಅಲ್ಲ. ಅದು ಕೋರ್ಟಿನಲ್ಲಿ ಎತ್ತುವ ರಕ್ಷಣೆ, ಬಹಳ ಸಲ ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹೋದಾಗಲೇ ಅದರ ಪರಿಶೀಲನೆ ಆಗುವುದು. ಅಷ್ಟರಲ್ಲಿ ಲ್ಯಾಪ್‌ಟಾಪ್, ಫೋನ್ ವಶವಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿರುತ್ತವೆ. ಮರಳಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕಂಪನಿಯ ಲ್ಯಾಪ್‌ಟಾಪಿನಿಂದ ಈ ಸರ್ವರಿಗೆ ಲಾಗಿನ್ ಆಗುತ್ತಿದ್ದರೆ ಇಂದಿನಿಂದ ನಿಲ್ಲಿಸಿ, ಆದರೆ ಅದರಲ್ಲಿರುವುದನ್ನು ಅಳಿಸಬೇಡಿ. ನಿಮ್ಮಂಥ ಪ್ರಕರಣದಲ್ಲಿ ಶಿಕ್ಷೆಯ ಸಾಧ್ಯತೆ ಕಡಿಮೆ, ಕಿರುಕುಳದ ಸಾಧ್ಯತೆ ಅದಕ್ಕಿಂತ ಬಹಳ ಹೆಚ್ಚು. ಎರಡನ್ನೂ ತಗ್ಗಿಸುವುದು ನೀವು ಮೊದಲು ಹೋಗಿ ಕೊಡುವ ಲಿಖಿತ ವರದಿಯೇ.

ಆ ವರದಿ ಹೀಗಿರಲಿ. ಕ್ರಿಮಿನಲ್ ಪ್ರಕರಣ ನಡೆಸಿ ಗೊತ್ತಿರುವ ಒಬ್ಬ ವಕೀಲರನ್ನು ನಾಳೆ ಬೆಳಿಗ್ಗೆಯೇ ಭೇಟಿಯಾಗಿ, ಬರೆದಿಟ್ಟ ವಿವರ ತೋರಿಸಿ. ಅದೇ ದಿನ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲಿನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದ ಅಡಿ ದೂರು ದಾಖಲಿಸಿ, ಅದರ ಸಂಖ್ಯೆಯೊಂದಿಗೆ ನಿಮ್ಮ ವ್ಯಾಪ್ತಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ವಕೀಲರ ಜೊತೆ ಹೋಗಿ. ಅಲ್ಲಿ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೂ ಕೇಳಿಕೊಳ್ಳಿ. ಕೋಣೆಯ ಹೆಸರು, ಖಾತೆಗಳ ಹೆಸರು, ನೆನಪಿರುವ ದಿನಾಂಕ, ಬಾಡಿಗೆ ಕಂಪನಿಯ ಇಮೇಲಿನ ಪ್ರತಿ, ಏನು ಅಳಿಸಿದಿರಿ, ಏನು ಉಳಿದಿರಬಹುದು ಎಲ್ಲ ಬರೆಯಿರಿ. ಚಿತ್ರವನ್ನು ಲಗತ್ತಿಸಬೇಡಿ. ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ಇದೆ, ಯಾರಿಗೂ ಕಳಿಸಿಲ್ಲ, ನಿಮ್ಮ ಸೂಚನೆಯಂತೆ ನಡೆದುಕೊಳ್ಳುತ್ತೇನೆ ಎಂದಷ್ಟೇ ತಿಳಿಸಿ. ಅವರು ಫೋನ್ ಇಟ್ಟುಕೊಳ್ಳುವುದಾದರೆ ವಶಪಡಿಸಿಕೊಂಡ ಪಟ್ಟಿಯ ಪ್ರತಿಯನ್ನೂ, ಡೇಟಾದ ಹ್ಯಾಶ್ ಮೌಲ್ಯ (ಆಮೇಲೆ ಏನೂ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ದಾಖಲಾಗಿದೆಯೇ ಎಂಬುದನ್ನೂ ಕೇಳಿ ಪಡೆಯಿರಿ. ದೂರು ಸ್ವೀಕರಿಸಿದ್ದಕ್ಕೆ ಸಹಿ, ಮೊಹರು ಇರುವ ಸ್ವೀಕೃತಿ ಇಲ್ಲದೆ ಹೊರಗೆ ಬರಬೇಡಿ. ‘ಆಮೇಲೆ ಬನ್ನಿ’ ಎಂದು ಕಳಿಸಿದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿ ಅಥವಾ ಡಿಸಿಪಿ ಕಚೇರಿಗೆ ಕಳಿಸಿ, ರಸೀದಿ ಜೋಪಾನವಾಗಿಟ್ಟುಕೊಳ್ಳಿ.